ಬಿರುಕುಬಿಟ್ಟ ಹೆಗಲ ಮೂಳೆ

ಮನುಷ್ಯನ ಬೆನ್ನಿನ ಮೇಲ್ಭಾಗದಲ್ಲಿ, ಪಕ್ಕೆಲುಬುಗಳ ಮೇಲೆ ಹರಡಿರುವ ಹೆಗಲ ಮೂಳೆಯು ತ್ರಿಕೋನಾಕಾರದ ತೆಳುಹಲಗೆಯಂತಿದೆ. ಹಿಂಬದಿಯಲ್ಲಿ ಒಂದು ಏಣು. ಪಕ್ಕೆಲುಬಿನ ಕಡೆ ತುಸು ತಗ್ಗಾದ ಮೈ. ಒಂಟೆ, ಕುರಿಗಳದ್ದೂ ಹೆಚ್ಚುಕಡಿಮೆ ಇದೇ ರಚನೆ. ಅರಬಿಯಲ್ಲಿ ಇದು ‘ಕತಿಫ್’. ಕಾಗದ ಬಳಕೆಗೆ ಬಾರದಿದ್ದ ಮದೀನಾದಲ್ಲಿ ಪ್ರಾಣಿಗಳ ಈ ಅಗಲವಾದ ಎಲುಬೂ ಬರೆಯುವ ಹಲಗೆಯಾಗಿತ್ತು.

ಸೂರಃ ಅನ್ನಿಸಾದ 95ನೆಯ ಸೂಕ್ತವನ್ನು ಹಝ್ರತ್ ಝೈದ್ ಬಿನ್ ಸಾಬಿತ್(ರ) ಬರೆದುಕೊಂಡದ್ದು ಅಂತಹ ಎಲುಬಿನ ಮೇಲೆಯೇ. ಹೋರಾಡುವವರೂ ಮನೆಯಲ್ಲಿ ಕುಳಿತವರೂ ಸಮಾನರಲ್ಲ ಎಂಬುದನ್ನು ಕೇಳಿದ ಅಂಧರಾದ ಇಬ್ನು ಉಮ್ಮಿ ಮಕ್ತೂಮ್(ರ), ಹೋರಾಡಲಾಗದವರ ಗತಿಯೇನೆಂದು ಪ್ರವಾದಿವರ್ಯರನ್ನು(ಸ) ಪ್ರಶ್ನಿಸಿದರು. ಆಗ ಅಶಕ್ತರನ್ನು ಹೊರತುಪಡಿಸುವ ಪದಗಳು ಅವತೀರ್ಣವಾದವು. ಮೂರೇ ಪದಗಳು! ಅವನ್ನು ಸೇರಿಸಿದ ಜಾಗ ಎಲುಬಿನ ಬಿರುಕಿನ ಬಳಿಯಿತ್ತು. ಅದು ಈಗಲೂ ಕಣ್ಣಮುಂದಿರುವಂತಿದೆ ಎಂದು ಝೈದ್(ರ) ಹೇಳಿದ್ದು ಅಬೂ ದಾವೂದರ ಹದೀಸ್ ಸಂಗ್ರಹದಲ್ಲಿದೆ.