ಲೇಪನ

ನಾಮಪದ. ಬಳಿಯುವುದು, ಪೂಸುವುದು, ಬಳಿದ ಪದರ. ಸಂಸ್ಕೃತದ ‘ಲಿಪ್’ ಧಾತುವಿನಿಂದ ಬಂದದ್ದು. ಲೇಪ, ಲಿಪ್ತ, ನಿರ್ಲಿಪ್ತ ಇದರ ಬಳಗ. ಗಂಧಲೇಪನ ಹಳೆಯ ಬಳಕೆ.

ಪ್ರಯೋಗಾಲಯದಲ್ಲಿ ಈ ಪದಕ್ಕೆ ಹೊಸ ಹೊಣೆ ಸಿಕ್ಕಿದೆ. ಅಣುಗಳ ದ್ರವ್ಯರಾಶಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಡುವ ಮುನ್ನ ಪ್ರೋಟೀನನ್ನು ಸಾಮಾನ್ಯವಾಗಿ ಪೆಪ್ಟೈಡ್ ತುಣುಕುಗಳಾಗಿ ಕತ್ತರಿಸುತ್ತಾರೆ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಪಾಲ್ಗೊಂಡ 2014ರ ಮಾನವ ಪ್ರೋಟಿಯೋಮ್ (ಪ್ರೋಟೀನುಗಳ ಒಟ್ಟು ಸಮೂಹ) ನಕ್ಷೆಯಲ್ಲೂ ಈ ಕೆಲಸ ಟ್ರಿಪ್ಸಿನ್ ಎಂಬ ಕಿಣ್ವದ್ದೇ. ಟ್ರಿಪ್ಸಿನ್ ಕೂಡ ಪ್ರೋಟೀನ್. ದ್ರಾವಣದಲ್ಲಿ ಬೆರೆಸಿದಾಗ ತನ್ನನ್ನೂ ತುಂಡರಿಸಿಕೊಂಡು ಮಾದರಿಯೊಳಗೆ ಸೇರಿಬಿಡುತ್ತದೆ. ಮಣಿಗಳ ಅಥವಾ ಪೊರೆಯ ಮೇಲೆ ಅದನ್ನು ಲೇಪಿಸಿದರೆ ಈ ಬೆರಕೆ ತಗ್ಗುತ್ತದೆ, ಕತ್ತರಿಸುವಿಕೆಗೂ ವೇಗ ಬರುತ್ತದೆ.

ಮೈಗೆ ಪೂಸಿದ ಗಂಧ ತೊಳೆದರೆ ಹೋಗುತ್ತದೆ. ಇಲ್ಲಿ ಹಲವು ವೇಳೆ ರಾಸಾಯನಿಕ ಬಂಧವೇ ಪದರವನ್ನು ಹಿಡಿದಿರುತ್ತದೆ; ತೊಳೆದರೂ ಉಳಿಯಬೇಕೆಂಬುದೇ ಈ ಲೇಪನದ ಗುರಿ.

ಪ್ರಯೋಗ: ಟ್ರಿಪ್ಸಿನ್ ಲೇಪಿತ ಮಣಿಗಳು.