ಬ್ಯಾಂಜೋ ಮತ್ತು ಶಾಸ್ತ್ರೀಯ ಸಂಗೀತ

ಬ್ಯಾಂಜೋ ಎಂದೊಡನೆ ನಮ್ಮವರಿಗೆ ನೆನಪಾಗುವುದು ಗುಂಡಿಗಳನ್ನೊತ್ತಿ ನುಡಿಸುವ ಬುಲ್‌ಬುಲ್ ತರಂಗ. ಅದರ ಮೂಲ ಜಪಾನು, ಹೆಸರಷ್ಟೇ ಎರವಲು. ಇಲ್ಲಿ ಹೇಳಹೊರಟಿರುವುದು ಅಮೆರಿಕೆಯ ಬ್ಯಾಂಜೋವಿನ ಮಾತು.

ಆ ವಾದ್ಯದ ಮೂಲಪುರುಷರು ಗುಲಾಮರಾಗಿ ಹಡಗೇರಿದ ಪಶ್ಚಿಮ ಆಫ್ರಿಕದ ಜನ. ವಾದ್ಯವನ್ನು ಹೊತ್ತು ತರುವ ಭಾಗ್ಯ ಅವರಿಗೆಲ್ಲಿಯದು? ತಂದದ್ದು ನೆನಪನ್ನು. ಸೋರೆಬುರುಡೆಗೆ ಚರ್ಮ ಬಿಗಿದು, ದಂಡಿ ಸೇರಿಸಿ, ತಂತಿ ಕಟ್ಟಿ ಕೆರಿಬಿಯನ್ ದ್ವೀಪಗಳಲ್ಲಿಯೂ ಅಮೆರಿಕೆಯ ತೋಟಗಳಲ್ಲಿಯೂ ಅದಕ್ಕೆ ಮರುಹುಟ್ಟು ಕೊಟ್ಟರು. ಇದು ಆಫ್ರಿಕದಿಂದ ಬಂದದ್ದೆಂದು 1780ರ ದಶಕದಲ್ಲಿ ಥಾಮಸ್ ಜೆಫರ್ಸನನೇ ಬರೆದಿದ್ದಾನೆ. ಅವನೂ ಗುಲಾಮರ ಒಡೆಯನೇ. ಮುಂದಿನ ಶತಮಾನದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು, ಕಪ್ಪು ಜನರನ್ನು ಅಣಕಿಸುವ ಆಟಗಳಲ್ಲಿ ಇದನ್ನು ನುಡಿಸಿದರು. ವಾದ್ಯ ಜನಪ್ರಿಯವಾಯಿತು, ಮರ್ಯಾದೆ ಮಾತ್ರ ಹೋಯಿತು.

ಹೋದ ಮರ್ಯಾದೆಯನ್ನು ತರಲು ಕೆಲವರು ಹಿಡಿದ ದಾರಿ ಶಾಸ್ತ್ರೀಯ ಸಂಗೀತ. ಫಿಲಡೆಲ್ಫಿಯದ ವಾದ್ಯ ತಯಾರಕ ಎಸ್. ಎಸ್. ಸ್ಟೂವರ್ಟ್ 1882ರಿಂದ ಇದಕ್ಕಾಗಿ ಪತ್ರಿಕೆಯನ್ನೇ ನಡೆಸಿದ. ಆಲ್ಫ್ರೆಡ್ ಫಾರ್ಲೆಂಡ್ (1864–1954) ಬೀಥೋವೆನ್, ಮೆಂಡೆಲ್ಸನ್ನರ ಕೃತಿಗಳನ್ನು ಸಭೆಗಳಲ್ಲಿ ನುಡಿಸಿದ.

ಕೆಲಸ ಸುಲಭದ್ದಲ್ಲ. ಪಿಟೀಲಿನ ಕಮಾನು ಸ್ವರವನ್ನು ಬೇಕಾದಷ್ಟು ಎಳೆಯಬಲ್ಲದು. ಬ್ಯಾಂಜೋವಿನ ಸ್ವರ ಮೀಟಿದೊಡನೆ ಮೊಳಗಿ, ಮರುಕ್ಷಣವೇ ಅಡಗುತ್ತದೆ. (ನಮ್ಮ ಸರೋದಿಗೂ ಚರ್ಮದ ಹೊದಿಕೆಯೇ, ಅದಕ್ಕಾದರೆ ಅನುರಣನದ ತಂತಿಗಳ ಆಸರೆಯುಂಟು.) ಆದ್ದರಿಂದ ದೀರ್ಘಸ್ವರ ಬಂದಲ್ಲಿ ಒಂದೇ ತಂತಿಯನ್ನು ಎಡೆಬಿಡದೆ ಮೀಟಿ, ಸ್ವರ ನಿಂತಿದೆಯೆಂಬ ಭ್ರಮೆ ಹುಟ್ಟಿಸಬೇಕು. ಐದನೆಯ ತಂತಿಯ ತಂಟೆ ಬೇರೆ. ಐದನೆಯ ಮೆಟ್ಟಿನ ಬಳಿಯಿಂದ ಹೊರಡುವ ಆ ಗಿಡ್ಡ ತಂತಿ ಹೆಬ್ಬೆರಳಿನ ಪಾಲು; ಅದರ ಶ್ರುತಿ ಎಲ್ಲಕ್ಕಿಂತ ಎತ್ತರ. ಜನಪದ ಹಾಡಿಗೆ ಅದು ತಂಬೂರಿಯಂತೆ ನಿಂತ ಸ್ವರ. ಬಾಖ್‌ನ ಕೃತಿಗಳಲ್ಲಿಯೋ ಸ್ವರಮೇಳಗಳು ಹೆಜ್ಜೆಹೆಜ್ಜೆಗೂ ಬದಲಾಗುವುದರಿಂದ ಆ ಶ್ರುತಿಯೇ ಅಪಶ್ರುತಿ. ಆದರೂ ಬಿಡುವಂತಿಲ್ಲ. ವೇಗದ ಸಾಲುಗಳಲ್ಲಿ ಪಕ್ಕಪಕ್ಕದ ಸ್ವರಗಳನ್ನು ಬೇರೆ ಬೇರೆ ತಂತಿಗಳಿಗೆ ಹಂಚಿ, ಅದನ್ನೂ ದುಡಿಸಿಕೊಳ್ಳುವುದರಲ್ಲಿಯೇ ಸಂಯೋಜಕನ ಜಾಣತನ. ವಿಳಂಬಕ್ಕಿಂತ ಓಟದ ಕೃತಿಗಳೇ ಈ ವಾದ್ಯಕ್ಕೆ ಒಗ್ಗುವುವೆಂದು ನನ್ನ ಎಣಿಕೆ.

ನಮ್ಮ ಕಾಲದಲ್ಲಿ ಈ ವಿದ್ಯೆಯನ್ನು ಎತ್ತರಕ್ಕೊಯ್ದವರು 1958ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಬೇಲಾ ಫ್ಲೆಕ್. ಬಾಖ್, ಸ್ಕಾರ್ಲಾಟಿ, ಪಗನೀನಿ ಮೊದಲಾದವರ ಕೃತಿಗಳನ್ನು ನುಡಿಸಿದ ಅವರ 'ಪರ್ಪೆಚುವಲ್ ಮೋಷನ್' ಧ್ವನಿಮುದ್ರಿಕೆ (2001) ಮರುವರ್ಷ ಎರಡು ಗ್ರ್ಯಾಮಿ ಪ್ರಶಸ್ತಿಗಳನ್ನು ಗಳಿಸಿತು. 2011ರಲ್ಲಿ ನ್ಯಾಶ್‌ವಿಲ್ ವಾದ್ಯವೃಂದದೊಡನೆ ನುಡಿಸಿದ ತಮ್ಮ ಸ್ವಂತ ಕೃತಿಗೆ ಅವರಿಟ್ಟ ಹೆಸರು 'ದಿ ಇಂಪೋಸ್ಟರ್', ಎಂದರೆ ಸೋಗುಗಾರ. ಸಭಾಂಗಣವೇರಿದ ವಾದ್ಯಕ್ಕೆ ಅಷ್ಟು ಸಂಕೋಚವೇಕೋ!

ಅದಕ್ಕೂ ಮೊದಲೇ, 2005ರಲ್ಲಿ, ಫ್ಲೆಕ್ ಬ್ಯಾಂಜೋ ಹಿಡಿದು ಆಫ್ರಿಕಕ್ಕೆ ಹೋಗಿದ್ದರು. ಗ್ಯಾಂಬಿಯದಲ್ಲಿ ಜೋಲಾ ಜನರ 'ಅಕೊಂಟಿಂಗ್' ಎಂಬ ವಾದ್ಯವುಂಟು: ಸೋರೆಬುರುಡೆ, ಚರ್ಮದ ಹೊದಿಕೆ, ಮೂರೇ ತಂತಿ. ಅವುಗಳಲ್ಲಿ ಒಂದು ಗಿಡ್ಡ. ಅದನ್ನು ಮೀಟುವುದು ಹೆಬ್ಬೆರಳಿನಿಂದ.