ಪಟ್ಟಿಯಲ್ಲಿ ಒಂದು ಹೆಸರು

ನ್ಯಾಮತಿಯ ನಮ್ಮ ಮನೆಯಲ್ಲಿ ದಾದಿಮಾ ತಮ್ಮ ಮೊದಲ ಓಟಿನ ಕತೆ ಹೇಳುತ್ತಿದ್ದರು. ಅದರಲ್ಲಿ ಓಟಿಗಿಂತ ಹೆಸರಿನ ಸಂಗತಿಯೇ ದೊಡ್ಡದು. ಶಾನುಭೋಗರು ಮನೆಮನೆಯ ಪಟ್ಟಿ ಬರೆಯುತ್ತ ಬಂದು ಜಗಲಿಯ ಮೇಲೆ ಕುಳಿತಿದ್ದರು. ದಾದಿಮಾ ಒಳಗೆ, ಪರದೆಯ ಹಿಂದೆ. ಗಂಡನ ಹೆಸರು ಕೇಳಿದರೆ "ಉನೋ" ಎಂದಷ್ಟೇ ಉತ್ತರ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲೂ ಇರಲಿಲ್ಲ, ನೆರೆಮನೆಯ ಗೌಡರಲ್ಲೂ ಇರಲಿಲ್ಲ. ಅವರಿಗೆ ಒಡಪು ಕಟ್ಟಿ ಹೇಳುವ ಅವಕಾಶವಾದರೂ ಇತ್ತು. ಕೊನೆಗೆ ಮೈದುನನೊಬ್ಬ ಅಣ್ಣನ ಹೆಸರು ಹೇಳಿದ. ಶಾನುಭೋಗರು "ಇಂಥ ಸಾಹೇಬರ ಹೆಂಡತಿ" ಎಂದು ಬರೆದುಕೊಂಡು ಹೋದರು. ಕೆಲವು ದಿನಗಳ ಮೇಲೆ ಮತ್ತೆ ಬಂದರು. "ಹಾಗೆ ಬರೆದರೆ ಸರಕಾರ ಒಪ್ಪುವುದಿಲ್ಲವಂತೆ, ಅಮ್ಮನವರ ಸ್ವಂತ ಹೆಸರೇ ಬೇಕಂತೆ" ಎಂದರು. "ನನ್ನ ಹೆಸರನ್ನು ಪರಗಂಡಸೊಬ್ಬ ಗಟ್ಟಿಯಾಗಿ ಓದಿದ್ದನ್ನು ನಾನು ಕೇಳಿದ್ದು ಅವತ್ತೇ" ಎಂದು ದಾದಿಮಾ ನಗುತ್ತಿದ್ದರು.

ಇದನ್ನು ನಮ್ಮ ಮನೆಯ ತಮಾಷೆ ಎಂದೇ ತಿಳಿದಿದ್ದೆ. ಚುನಾವಣಾ ಆಯೋಗದ ಚರಿತ್ರೆ ಓದಿದ ಮೇಲೆ ತಿಳಿಯಿತು, ಆ ದಿನಗಳಲ್ಲಿ ದೇಶದ ಲಕ್ಷಾಂತರ ಹೊಸ್ತಿಲುಗಳಲ್ಲಿ ನಡೆದ ಸಂಗತಿ ಇದು.

ಆಯೋಗ ಹುಟ್ಟಿದ್ದು 1950ರ ಜನವರಿ 25ರಂದು, ಗಣರಾಜ್ಯಕ್ಕಿಂತ ಒಂದು ದಿನ ಮೊದಲು. ಆದರೆ ಪಟ್ಟಿಯ ಕೆಲಸ ಅದಕ್ಕೂ ಮುಂಚೆ ಆರಂಭವಾಗಿತ್ತು. ಸಂವಿಧಾನವಿನ್ನೂ ಕರಡಿನಲ್ಲಿದ್ದಾಗಲೇ ಸಂವಿಧಾನ ಸಭೆಯ ಸಚಿವಾಲಯ ಮತದಾರರನ್ನು ಪಟ್ಟಿ ಮಾಡಲು ತೊಡಗಿತ್ತು. ಆ ಸಭೆಯ ಸಲಹೆಗಾರರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಓಟು ನಮ್ಮ ಸೀಮೆಗೆ ತೀರ ಹೊಸದೇನಲ್ಲ. ಮೈಸೂರಿನಲ್ಲಿ 1881ರಲ್ಲೇ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದಿದ್ದರು. ಆದರೆ ಅದು ಆಸ್ತಿಯುಳ್ಳವರ, ಕಂದಾಯ ಕಟ್ಟುವವರ ಸಭೆ. 21 ವರ್ಷ ತುಂಬಿದ ಎಲ್ಲರಿಗೂ, ಜಮೀನ್ದಾರನಿಗೂ ಅವನ ಜೀತದಾಳಿಗೂ ಒಂದೊಂದೇ ಓಟು ಎಂಬುದು ಮಾತ್ರ ಹಿಂದೆಂದೂ ಇಲ್ಲದ ಮಾತು.

ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಐಸಿಎಸ್ ಅಧಿಕಾರಿ, ಗಣಿತ ಓದಿದವರು. ಅವರ ಮುಂದಿದ್ದ ಲೆಕ್ಕ ಸಣ್ಣದಲ್ಲ. 17 ಕೋಟಿ 32 ಲಕ್ಷ ಮತದಾರರು. ಅವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಅಕ್ಷರ ಬಾರದು. ಅದಕ್ಕಾಗಿ ಪಕ್ಷಗಳಿಗೆ ಚಿಹ್ನೆ ಕೊಟ್ಟರು. ಅಭ್ಯರ್ಥಿಗೊಂದರಂತೆ ಚಿಹ್ನೆ ಅಂಟಿಸಿದ ಪೆಟ್ಟಿಗೆ ಇಟ್ಟರು. ಮತದಾರ ತನಗೆ ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿದರಾಯಿತು, ಬರೆಯುವ ಗೊಡವೆಯಿಲ್ಲ. ಇದಕ್ಕೆ ಸುಮಾರು 20 ಲಕ್ಷ ಉಕ್ಕಿನ ಪೆಟ್ಟಿಗೆಗಳು ಬೇಕಾದವು. 1951ರ ಅಕ್ಟೋಬರ್ 25ರಿಂದ 1952ರ ಫೆಬ್ರವರಿ 21ರವರೆಗೆ ಮತದಾನ ನಡೆಯಿತು. ನೂರಕ್ಕೆ 45ಕ್ಕೂ ಹೆಚ್ಚು ಮಂದಿ ಓಟು ಹಾಕಿದರು. ಈ ಕೆಲಸ ಕಂಡು, ಸ್ವಾತಂತ್ರ್ಯದ ಹೊಸ್ತಿಲಲ್ಲಿದ್ದ ಸುಡಾನಿನ 1953ರ ಚುನಾವಣೆಗೂ ಸೇನರನ್ನೇ ಕರೆಸಿಕೊಂಡರು.

ಆದರೆ ಇದೇ ಯಶಸ್ಸಿನಲ್ಲಿ ಒಂದು ಗಾಯವೂ ಇದೆ. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯಭಾರತದ ಕಡೆಗಳಲ್ಲಿ ಬಹಳಷ್ಟು ಹೆಂಗಸರು ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಸ್ವಂತ ಹೆಸರು ಹೇಳಲೇಬೇಕು ಎಂದು ಆಯೋಗ ಪಟ್ಟು ಹಿಡಿಯಿತು. ಹೇಳದವರನ್ನು ಪಟ್ಟಿಯಿಂದ ಕೈಬಿಟ್ಟಿತು. ಹಾಗೆ ಹೋದವರು ಸುಮಾರು 28 ಲಕ್ಷ ಹೆಂಗಸರು. ಮತದಾರಳು ಅವಳೇ ಹೊರತು ಅವಳ ಗಂಡನಲ್ಲ ಎಂಬ ಸೇನರ ತತ್ವ ಸರಿಯಾದದ್ದೇ. ಆದರೆ ಹೆಸರು ಹೇಳದಿರುವುದನ್ನೇ ಮರ್ಯಾದೆ ಎಂದು ಕಲಿತಿದ್ದ ಹೆಂಗಸು ಆ ತತ್ವಕ್ಕೆ ತನ್ನ ಮೊದಲ ಓಟನ್ನೇ ತೆತ್ತಳು. ದಾದಿಮಾಗೆ ಆ ಗತಿ ಬರಲಿಲ್ಲ. ಶಾನುಭೋಗರು ಎರಡನೇ ಸಲ ಬಂದದ್ದೇ ಅದಕ್ಕೆ ಕಾರಣ.

ಆ ಪಟ್ಟಿಗಳಿಂದ ನಮ್ಮ ಸೀಮೆಗೆ ಸಿಕ್ಕಿದ್ದೇನು? ಆಗ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಗೆದ್ದವರು ಎಸ್. ನಿಜಲಿಂಗಪ್ಪ. 1957ರಲ್ಲಿ ಅದೇ ಕ್ಷೇತ್ರ ಪ್ರಜಾ ಸೋಷಲಿಸ್ಟ್ ಪಕ್ಷದ ಜೆ. ಮೊಹಮ್ಮದ್ ಇಮಾಂ ಅವರನ್ನು ಕಳಿಸಿತು. 1967ರಲ್ಲಿ ಸ್ವತಂತ್ರ ಪಕ್ಷದಿಂದ ಮತ್ತೆ ಅವರನ್ನೇ ಆರಿಸಿತು. ಜಗಳೂರಿನ ಈ ಇಮಾಂ ಸಾಹೇಬರಿಗೆ ಓಟು ಹಾಕಿದವರಲ್ಲಿ ಮುಸ್ಲಿಮರು ಎಷ್ಟಿದ್ದಾರು? ಬ್ರಿಟಿಷರ ಕಾಲದ ಪ್ರತ್ಯೇಕ ಮತಕ್ಷೇತ್ರ ಹೋಗಿ ಎಲ್ಲರಿಗೂ ಒಂದೇ ಪಟ್ಟಿಯಾದದ್ದಕ್ಕೆ ದುರ್ಗದ ಸೀಮೆಯ ರೈತರು ಕೊಟ್ಟ ಅರ್ಥ ಇದು. 1967ರಲ್ಲೇ ಶಿವಮೊಗ್ಗದಿಂದ ಚನ್ನಗಿರಿ ತಾಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಗೆದ್ದು, ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲಿಗರಾದರು. ಅಕ್ಕಪಕ್ಕದ ಈ ಎರಡು ಕ್ಷೇತ್ರಗಳು ಒಂದೇ ಸಲಕ್ಕೆ ಆಳುವ ಪಕ್ಷವನ್ನು ಸೋಲಿಸಿದ್ದವು. ಅದನ್ನು ಯಾರೂ ತಡೆಯಲಾಗಲಿಲ್ಲ ಎಂಬುದೇ ಆಯೋಗದ ಕೆಲಸಕ್ಕೆ ಸಿಕ್ಕ ಒಳ್ಳೆಯ ಅಂಕ.

ಆಮೇಲಿನ ಕತೆ ಓದುಗರಿಗೆ ಗೊತ್ತಿರುವುದೇ. 1962ರ ಚುನಾವಣೆಯಿಂದ ಬೆರಳಿಗೆ ಹಚ್ಚುವ ಶಾಯಿ ಮೈಸೂರಿನ ಕಾರ್ಖಾನೆಯದು. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣಕ್ಕಾಗಿ ತೆರೆದದ್ದು. ಮತಯಂತ್ರ ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್. ಓಟಿನ ವಯಸ್ಸು 1989ರಲ್ಲಿ 18ಕ್ಕೆ ಇಳಿಯಿತು. ಮುಂದೆ ನಮ್ಮ ರಾಜ್ಯಪಾಲರಾದ ವಿ.ಎಸ್. ರಮಾದೇವಿ 1990ರಲ್ಲಿ ಕೆಲವೇ ದಿನ ಮುಖ್ಯ ಆಯುಕ್ತರಾಗಿದ್ದರು. ಆ ಕುರ್ಚಿಯಲ್ಲಿ ಕುಳಿತ ಮೊದಲ ಮಹಿಳೆ. ಅವರ ನಂತರ ಬಂದ ಟಿ.ಎನ್. ಶೇಷನ್ ನೀತಿಸಂಹಿತೆಗೆ ಹಲ್ಲು ಮೂಡಿಸಿದರು. 1993ರಲ್ಲಿ ಭಾವಚಿತ್ರದ ಗುರುತಿನ ಚೀಟಿ ಬಂತು. ನಮ್ಮವರ ಹೊಸ ಗೋಳು ಶುರುವಾದದ್ದೂ ಆಗಲೇ: ಪಟ್ಟಿಯಲ್ಲಿ ಖಾದರ್, ಚೀಟಿಯಲ್ಲಿ ಕಾದರ, ಒಂದು ಕಡೆ ಫಾತಿಮಾ ಬೀ, ಇನ್ನೊಂದು ಕಡೆ ಪಾತೀಮಬಿ. ಉರ್ದುವಿನಲ್ಲಿ ಹುಟ್ಟಿ ಕನ್ನಡದಲ್ಲಿ ಬರೆಸಿಕೊಂಡು ಇಂಗ್ಲಿಷಿಗೆ ಹೋಗುವ ಹೆಸರು ದಾರಿಯಲ್ಲಿ ಒಂದೆರಡು ಅಕ್ಷರ ಕಳೆದುಕೊಳ್ಳುತ್ತದೆ.

ತೊಂಬತ್ತರ ದಶಕದಲ್ಲಿ ಮುಂಬಯಿ, ದಿಲ್ಲಿಯ ಕೆಲವು ಬಡಾವಣೆಗಳ ಮತದಾರರಿಗೆ ಪೌರತ್ವ ಸಾಬೀತುಪಡಿಸಿ ಎಂಬ ನೋಟೀಸು ಬಂದವು. ಲಾಲ್ ಬಾಬು ಹುಸೇನ್ ಹೆಸರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಇತ್ಯರ್ಥ ಮಾಡಿತು: ಒಮ್ಮೆ ಪಟ್ಟಿ ಸೇರಿದ ಹೆಸರು ಸರಿಯಾಗಿಯೇ ಸೇರಿದೆ ಎಂದು ಭಾವಿಸಬೇಕು, ತೆಗೆಯುವ ಮುಂಚೆ ಕಾರಣ ತಿಳಿಸಬೇಕು, ಅಹವಾಲು ಕೇಳಬೇಕು. ಪ್ರತಿಯೊಬ್ಬ ಮತದಾರನೂ ನೆನಪಿಡಬೇಕಾದ ತೀರ್ಪು ಇದು.

ಆಯೋಗ 2016ರಿಂದ 2025ರವರೆಗಿನ ಹತ್ತು ವರ್ಷಗಳಿಗೆ ಒಂದು ಕಾರ್ಯತಂತ್ರ ಯೋಜನೆಯನ್ನೂ ಹಾಕಿಕೊಂಡಿತ್ತು. ಯಾವ ಮತದಾರನೂ ಹೊರಗುಳಿಯಬಾರದು ಎಂಬುದು ಆ ವರ್ಷಗಳ ಘೋಷಣೆ. ಅಂಕಿ ಅಂಶ ನೋಡಿದರೆ ಸಾಧನೆ ಸಣ್ಣದಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಸುಮಾರು 97 ಕೋಟಿ ಮತದಾರರಿದ್ದರು. ಓಟು ಹಾಕಿದ ಹೆಂಗಸರ ಪ್ರಮಾಣ ಗಂಡಸರಿಗಿಂತ ಒಂದು ಕೂದಲೆಳೆ ಮುಂದಿತ್ತು. 28 ಲಕ್ಷ ಹೆಸರು ಬಿಟ್ಟುಹೋದ ದೇಶದಲ್ಲಿ ಇದು ಹೆಮ್ಮೆಯ ಸಂಗತಿ. ಆದರೆ ಅದೇ ಯೋಜನೆಯ ಕೊನೆಯ ವರ್ಷದಲ್ಲಿ ಬಿಹಾರದ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆಯಿತು. ಆಗಸ್ಟ್ 1ರ ಕರಡಿನಲ್ಲಿ 65 ಲಕ್ಷ ಹೆಸರುಗಳು ಇರಲಿಲ್ಲ. ಸತ್ತವರು, ಊರು ಬಿಟ್ಟವರು, ಎರಡು ಕಡೆ ಇದ್ದವರು ಎಂದು ಆಯೋಗ ಹೇಳಿತು. ಬಿಟ್ಟ ಹೆಸರುಗಳನ್ನು ಕಾರಣಸಮೇತ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಹೇಳಬೇಕಾಯಿತು. ಸತ್ತವರ ಹೆಸರು ತೆಗೆಯುವುದು ಆಯೋಗದ ಕರ್ತವ್ಯವೇ. ಬದುಕಿದ್ದವರು ಅದರ ಜೊತೆಗೆ ಹೋಗದಂತೆ ನೋಡುವುದೂ ಅದರದೇ ಕರ್ತವ್ಯ.

ಅಕ್ಟೋಬರಿನಲ್ಲಿ ಕೇರಳ, ತಮಿಳುನಾಡು ಸೇರಿದಂತೆ 12 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳಿಗೆ ಈ ಪರಿಷ್ಕರಣೆ ವಿಸ್ತರಿಸಿದ ಮೇಲೆ ನಮ್ಮ ಮನೆಯಲ್ಲೂ 2002ರ ಪಟ್ಟಿ ಹುಡುಕುವ ಕೆಲಸ ಶುರುವಾಯಿತು. ಹಳೆಯ ಪಟ್ಟಿಯಲ್ಲಿ ಇಲ್ಲದವರು ಅದರಲ್ಲಿರುವ ತಂದೆ ತಾಯಿಯ ಹೆಸರಿಗೆ ತಮ್ಮದನ್ನು ಜೋಡಿಸಿ ತೋರಿಸಬೇಕೆಂಬುದು ಆ ರಾಜ್ಯಗಳಲ್ಲಿದ್ದ ಕ್ರಮ. ನನ್ನ ತಂಗಿಯನ್ನು ಕೊಟ್ಟಿರುವುದು ಜಗಳೂರಿಗೆ. ಅವಳ ಓಟು ಅಲ್ಲಿ, ತಂದೆಯ ಹೆಸರು ಇಲ್ಲಿ. ನಮ್ಮಮ್ಮ ಚನ್ನಗಿರಿಯ ಮಗಳು. ಅವರ ಹೆಸರಿನ ಕಾಗುಣಿತ ಪಟ್ಟಿಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು. ಈ ನಡುವೆ 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು. 2008ರಲ್ಲಿ ಕ್ಷೇತ್ರಗಳ ಗಡಿ ಬದಲಾಗಿ ಜಗಳೂರು ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರವಾಯಿತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲೂಕಾಯಿತು, ಕ್ಷೇತ್ರ ಮಾತ್ರ ಹೊನ್ನಾಳಿಯದೇ. ಓದುಬಲ್ಲ ನನಗೇ ಹುಡುಕಲು ಎರಡು ಸಂಜೆ ಹಿಡಿಯಿತು. ಕೂಲಿಗೆ ಹೋಗುವ ಹೆಂಗಸಿಗೆ ಎಷ್ಟು ಹಿಡಿದೀತು? ಅವತ್ತು ಹೆಣ್ಣು ಗಂಡನ ಹೆಸರಿನಿಂದ ಹೊರಗೆ ಬರಬೇಕಿತ್ತು. ಇವತ್ತು ತವರಿನ ಹಳೆಯ ಪಟ್ಟಿಯೊಳಗೆ ಮತ್ತೆ ತನ್ನನ್ನು ಹುಡುಕಿಕೊಳ್ಳಬೇಕಾಗಿದೆ.

2024ರ ಮೇ 7ರಂದು ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ ಎರಡೂ ದೊಡ್ಡ ಪಕ್ಷಗಳ ಅಭ್ಯರ್ಥಿಗಳು ಹೆಂಗಸರೇ: ಪ್ರಭಾ ಮಲ್ಲಿಕಾರ್ಜುನ್ ಮತ್ತು ಗಾಯತ್ರಿ ಸಿದ್ದೇಶ್ವರ. ಸುಮಾರು 26 ಸಾವಿರ ಮತಗಳಿಂದ ಗೆದ್ದ ಪ್ರಭಾ ಅವರು ಈ ಕ್ಷೇತ್ರದ ಮೊದಲ ಮಹಿಳಾ ಸಂಸದೆ. ಇಬ್ಬರ ಹೆಸರಿನ ಪಕ್ಕದಲ್ಲೂ ಗಂಡನ ಹೆಸರಿದೆ, ಆದರೆ ಮೊದಲು ಇರುವುದು ಅವರದೇ ಹೆಸರು.

ಆಯೋಗದ ಯೋಜನೆಯನ್ನು ದಿಲ್ಲಿಯಲ್ಲಿ ಹೇಗೆ ಅಳೆಯುತ್ತಾರೋ, ನಮ್ಮ ಹೊಸ್ತಿಲಲ್ಲಿ ಅಳೆಯುವ ಬಗೆ ಒಂದೇ: ಹೆಸರು ತಪ್ಪಾಗಿದ್ದರೆ ಬರೆಯುವವರು ಎರಡನೇ ಸಲ ಬರುತ್ತಾರೆಯೇ? ನಾವು ಮಾಡಬೇಕಾದ್ದೂ ಇದೆ. ನೋಟೀಸು ಬರುವ ತನಕ ಕಾಯದೆ ಮನೆಯ ಪ್ರತಿ ಹೆಸರನ್ನೂ ಪಟ್ಟಿಯಲ್ಲಿ ನೋಡಿಕೊಳ್ಳಬೇಕು, ತಪ್ಪಿದ್ದರೆ ಎಂಟನೇ ನಮೂನೆ ತುಂಬಿ ಕೊಡಬೇಕು, ಪಕ್ಕದ ಮನೆಯವರದ್ದನ್ನೂ ಓದಿ ಹೇಳಬೇಕು. 2002ರ ಪಟ್ಟಿಯಲ್ಲಿ ದಾದಿಮಾ ಹೆಸರು ಸಿಕ್ಕಿತು. ಒಂದು ದೀರ್ಘ ತಪ್ಪಿದೆ, ಉಳಿದದ್ದೆಲ್ಲ ಸರಿಯಾಗಿದೆ. ನಾನೂ ಅದನ್ನು ಗಟ್ಟಿಯಾಗಿ ಓದಿದೆ.